ತಿಪ್ಪೆಯ ಬದನೆಕಾಯಿ, ಲಂಡನ್ನಿನ ಹುಡುಗಿ

ಬದನೆಕಾಯಿ ಕೊಳೆತರೆ ನಾವೇನು ಮಾಡುತ್ತೇವೆ? ಎತ್ತಿ ತಿಪ್ಪೆಗೆ ಎಸೆಯುತ್ತೇವೆ. ಅಲ್ಲಿಗೆ ಅದರ ಕಥೆ ಮುಗಿಯಿತು.

2010ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ನಗರದಲ್ಲಿ ಕಾಲೇಜು ಓದುತ್ತಿದ್ದ ಹುಡುಗಿಯೊಬ್ಬಳು ಅಂಥದ್ದೇ ಒಂದು ಕೊಳೆತ ಬದನೆಕಾಯಿಯ ಅಡಿಭಾಗವನ್ನು ಕೆರೆದು ಕಾಲೇಜಿನ ಲ್ಯಾಬಿಗೆ ಒಯ್ದಳು. ಪದವಿ ವಿದ್ಯಾರ್ಥಿಗಳಿಗೆ ಸಂಶೋಧನೆ ಕಲಿಸುವ ಪಾಠದ ಕೆಲಸ ಅದು. ಎಂಟು ವರ್ಷದ ನಂತರ, ಆ ಬದನೆಕಾಯಿಯಲ್ಲಿ ಸಿಕ್ಕ ವಸ್ತುವನ್ನು ಲಂಡನ್ನಿನ ಆಸ್ಪತ್ರೆಯಲ್ಲಿ ಸಾವಿನ ಅಂಚಿನಲ್ಲಿದ್ದ ಹದಿಹರೆಯದ ಹುಡುಗಿಯ ರಕ್ತಕ್ಕೆ ಡ್ರಿಪ್ ಮೂಲಕ ಹರಿಸಿದರು.

ಸಿಕ್ಕಿದ್ದಾದರೂ ಏನು? ಅದನ್ನು ಫೇಜ್ ಎನ್ನುತ್ತಾರೆ. ನಮಗೂ ದನಗಳಿಗೂ ವೈರಸ್ ಕಾಯಿಲೆ ಬರುವ ಹಾಗೆ ಬ್ಯಾಕ್ಟೀರಿಯಾಗಳಿಗೂ ವೈರಸ್ ಬರುತ್ತದೆ. ಆ ವೈರಸ್ಸೇ ಫೇಜ್. ಅದು ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು ತನ್ನ ಡಿಎನ್ಎಯನ್ನು ಒಳಗೆ ಚುಚ್ಚುತ್ತದೆ. ಒಳಗೆ ಅದರ ಮರಿಗಳು ತುಂಬಿಕೊಂಡು, ಕೊನೆಗೆ ಬ್ಯಾಕ್ಟೀರಿಯಾ ಒಡೆದು ಹೋಗುತ್ತದೆ. ಮನುಷ್ಯರ ಜೀವಕೋಶಕ್ಕೆ ಅದು ಹೋಗುವುದಿಲ್ಲ. ಮಣ್ಣು, ಸಗಣಿ, ಗಂಜಲದ ಗುಂಡಿ, ಕೆರೆ ನೀರು, ಎಲ್ಲ ಕಡೆಯೂ ಫೇಜ್ ಇರುತ್ತದೆ. 1917ರಲ್ಲಿ ಇದಕ್ಕೆ ಹೆಸರಿಟ್ಟವರು ಫೆಲಿಕ್ಸ್ ಡಿ ಹೆರೆಲ್ ಎಂಬ ವಿಜ್ಞಾನಿ. ಮೊಸರು ತಯಾರಿಸುವ ದೊಡ್ಡ ಡೇರಿಗಳಿಗೆ ಇದರ ಹೆಸರು ಕೇಳಿದರೇ ಭಯ. ಹೆಪ್ಪಿನ ಬ್ಯಾಕ್ಟೀರಿಯಾಕ್ಕೆ ಫೇಜ್ ತಗುಲಿದರೆ ಟ್ಯಾಂಕಿನ ಹಾಲು ಹೆಪ್ಪುಗಟ್ಟುವುದೇ ಇಲ್ಲ. ಅದಕ್ಕೇ ಅಲ್ಲಿ ಒಂದೇ ಹೆಪ್ಪನ್ನು ಸದಾ ಬಳಸದೆ ಬದಲಾಯಿಸುತ್ತಾ ಇರುತ್ತಾರೆ.

ಫೇಜ್ ಹುಡುಕುವ ಈ ಪಾಠವನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್. 2008ರಿಂದ ಇದು ಸೀ-ಫೇಜಸ್ ಎಂಬ ಹೆಸರಿನಲ್ಲಿ ನಡೆಯುತ್ತಿದ್ದು, ಈಗ ನೂರಕ್ಕೂ ಹೆಚ್ಚು ಕಾಲೇಜುಗಳಲ್ಲಿದೆ. ಪದವಿಯ ಮೊದಲ ವರ್ಷಕ್ಕೆ ಸೇರಿದ ಮಕ್ಕಳ ಕೈಗೆ ಪುಸ್ತಕಕ್ಕಿಂತ ಮೊದಲು ಒಂದು ಡಬ್ಬಿ ಕೊಟ್ಟು, ಮಣ್ಣು ತನ್ನಿ ಎನ್ನುತ್ತಾರೆ.

ತಂದ ಮಣ್ಣನ್ನು ನೀರಿನಂಥ ದ್ರವದಲ್ಲಿ ಕದಡಿ ಸೋಸುತ್ತಾರೆ. ಆ ಸೋಸುಕದ ತೂತು ಎಷ್ಟು ಸಣ್ಣದೆಂದರೆ ಬ್ಯಾಕ್ಟೀರಿಯಾ ಮೇಲೇ ಉಳಿಯುತ್ತದೆ, ಫೇಜ್ ಮಾತ್ರ ಕೆಳಗಿಳಿಯುತ್ತದೆ. ಸೋಸಿದ ದ್ರವವನ್ನು ಕ್ಷಯದ ರೋಗಾಣುವಿನ ಬಳಗಕ್ಕೆ ಸೇರಿದ, ಆದರೆ ಕಾಯಿಲೆ ತರದ ಬ್ಯಾಕ್ಟೀರಿಯಾದ ಜೊತೆ ಬೆರೆಸಿ, ಜೆಲ್ಲಿಯಂಥ ಪದಾರ್ಥದ ತಟ್ಟೆಗೆ ಹೊಯ್ದು ಬೆಚ್ಚಗೆ ಇಡುತ್ತಾರೆ. ಒಂದೆರಡು ದಿನದಲ್ಲಿ ಬ್ಯಾಕ್ಟೀರಿಯಾ ಬೆಳೆದು, ಹಾಲಿನ ಮೇಲೆ ಕೆನೆ ಕಟ್ಟಿದಂತೆ ತಟ್ಟೆ ತುಂಬಾ ಮಬ್ಬಾಗುತ್ತದೆ. ಫೇಜ್ ಇದ್ದರೆ ಕೆನೆಯಲ್ಲಿ ಅಲ್ಲಲ್ಲಿ ಸ್ವಚ್ಛವಾದ ಪುಟ್ಟ ತೂತುಗಳು ಕಾಣುತ್ತವೆ. ಫೇಜ್ ಬ್ಯಾಕ್ಟೀರಿಯಾವನ್ನು ಕೊಂದ ಜಾಗಗಳವು. ಎಷ್ಟೋ ಸಲ ಏನೂ ಕಾಣುವುದಿಲ್ಲ, ಮತ್ತೆ ಮಣ್ಣು ತರಬೇಕು. ಕಂಡರೆ ಆ ಜಾಗದಿಂದ ಫೇಜನ್ನು ಎತ್ತಿ, ಮತ್ತೆ ಮತ್ತೆ ಬೆಳೆಸಿ, ಶುದ್ಧ ಮಾಡಿ, ಡಿಎನ್ಎ ಓದುತ್ತಾರೆ. ಹೆಸರಿಡುವ ಹಕ್ಕು ಹುಡುಕಿದವರದು. ಬದನೆಕಾಯಿಯ ಫೇಜಿಗೆ ಬಿದ್ದ ಹೆಸರು ಮಡ್ಡಿ. ಇಂಗ್ಲಿಷಿನಲ್ಲಿ ಹಾಗೆಂದರೆ ಕೆಸರು ಕೆಸರಾದದ್ದು ಎಂದು. ನಮ್ಮ ಎಣ್ಣೆ ಡಬ್ಬದ ತಳದ ಮಡ್ಡಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಓದುವಾಗ ನನಗೆ ನಗು ಬಂತು.

ಮಡ್ಡಿ ಫ್ರೀಜರಿನಲ್ಲಿ ಕುಳಿತಿತ್ತು. ಇಂಥ ಫೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಸೇರಿದ್ದವು. ಇದರಿಂದ ಯಾರಿಗೇನು ಲಾಭ ಎಂದು ಕೇಳಿದ್ದರೆ, ಮಕ್ಕಳು ವಿಜ್ಞಾನ ಕಲಿಯುತ್ತಾರೆ ಎನ್ನುವುದಷ್ಟೇ ಉತ್ತರವಾಗುತ್ತಿತ್ತು.

ಇತ್ತ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ 15 ವರ್ಷದ ಹುಡುಗಿ. ಶ್ವಾಸಕೋಶದಲ್ಲಿ ಲೋಳೆ ಗಟ್ಟಿಯಾಗುವ ಕಾಯಿಲೆ ಹುಟ್ಟಿನಿಂದಲೇ ಇತ್ತು. 2017ರಲ್ಲಿ ಎರಡೂ ಶ್ವಾಸಕೋಶ ಬದಲಾಯಿಸಿದರು. ಆದರೆ ಮೊದಲೇ ಒಳಗಿದ್ದ, ಕ್ಷಯದ ಬಳಗದ್ದೇ ಆದ ಹಠಮಾರಿ ಬ್ಯಾಕ್ಟೀರಿಯಾ ಹೊಲಿಗೆಯ ಗಾಯಕ್ಕೆ ಇಳಿದು, ಯಕೃತ್ತಿಗೆ ಹಬ್ಬಿ, ಚರ್ಮದ ಮೇಲೆ ಗಂಟುಗಳಾಗಿ ಎದ್ದಿತು. ವರ್ಷಗಟ್ಟಲೆ ಕೊಟ್ಟ ಆಂಟಿಬಯೋಟಿಕ್‌ಗಳಿಗೆ ಅದು ಬಗ್ಗಲಿಲ್ಲ. ಆಸ್ಪತ್ರೆಯವರು ಬ್ಯಾಕ್ಟೀರಿಯಾದ ಮಾದರಿಯನ್ನು ಪಿಟ್ಸ್‌ಬರ್ಗ್‌ಗೆ ಕಳಿಸಿದರು.

ಫೇಜಿನ ಗುಣ ಎಂದರೆ, ಒಂದು ಬೀಗಕ್ಕೆ ಒಂದೇ ಕೀಲಿ. ಹುಡುಕಿದಾಗ ಆ ಹುಡುಗಿಯ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಕೊಂದದ್ದು ಮಡ್ಡಿ ಒಂದೇ. ಇನ್ನೆರಡು ಫೇಜುಗಳು ಬ್ಯಾಕ್ಟೀರಿಯಾದ ಒಳಗೆ ಹೋಗಿ ಕೊಲ್ಲದೆ ಸುಮ್ಮನೆ ಅಡಗಿ ಕೂರುವ ಜಾತಿಯವು. ಹಾಗೆ ಕೂರಿಸುವ ಜೀನ್ ಒಂದನ್ನು ಲ್ಯಾಬಿನಲ್ಲಿ ಕತ್ತರಿಸಿ ತೆಗೆದಾಗ ಅವೂ ಕೊಲ್ಲತೊಡಗಿದವು. ಮೂರನ್ನೂ ಬೆರೆಸಿ 2018ರ ಜೂನ್‌ನಲ್ಲಿ ಕೊಡಲು ಶುರು ಮಾಡಿದರು. ತಿಂಗಳುಗಳು ಕಳೆದಂತೆ ಗಾಯ ಮಾಯಿತು, ಗಂಟುಗಳು ಕರಗುತ್ತ ಬಂದವು, ಹುಡುಗಿ ಮನೆಗೆ ಹೋದಳು. ಬ್ಯಾಕ್ಟೀರಿಯಾ ಪೂರ್ತಿ ಹೋಗಲಿಲ್ಲ, ಹತೋಟಿಗೆ ಬಂತು. ಜೀನ್ ತಿದ್ದಿದ ಫೇಜನ್ನು ಮನುಷ್ಯರಿಗೆ ಕೊಟ್ಟದ್ದು ಅದೇ ಮೊದಲು.

ಇದು ಎಲ್ಲರಿಗೂ ಹಿಡಿಯುವ ಮದ್ದಲ್ಲ. ಮುಂದೆ ಇದೇ ಬಗೆಯ 20 ರೋಗಿಗಳಿಗೆ ಫೇಜ್ ಕೊಟ್ಟ ವಿವರ 2022ರಲ್ಲಿ ಪ್ರಕಟವಾಯಿತು. ಗುಣ ಕಂಡದ್ದು 11 ಜನರಲ್ಲಿ. ಕೆಚ್ಚಲು ಬಾವಿಗೆ ಫೇಜ್ ಕೊಡುವ ಬಗ್ಗೆಯೂ ಸಂಶೋಧನೆ ನಡೆದಿದೆ. ಆದರೆ ನಮ್ಮ ಹಸುಗಳಿಗೆ ಕೆಚ್ಚಲು ಬಾವು ಬಂದರೆ ಇವತ್ತಿಗೂ ಆಧಾರ ಆಂಟಿಬಯೋಟಿಕ್ಕೇ. ಪಕ್ಕದ ಮನೆಯವರ ಹಸುವಿಗೆ ಉಳಿದ ಟ್ಯೂಬನ್ನು ನಮ್ಮ ಹಸುವಿಗೆ ಏರಿಸುವುದು, ಬಾವು ಇಳಿಯಿತೆಂದು ಮೂರು ದಿನದ ಔಷಧಿಯನ್ನು ಒಂದೇ ದಿನಕ್ಕೆ ನಿಲ್ಲಿಸುವುದು ನಮ್ಮಲ್ಲಿ ಇದ್ದದ್ದೇ. ಲಂಡನ್ನಿನಲ್ಲಿ ಕಂಡಂಥ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ನಮ್ಮ ಕೊಟ್ಟಿಗೆಯಲ್ಲಿ ಬೆಳೆಯಲು ಇಂಥದ್ದೂ ದಾರಿಯಾಗುತ್ತದೆ. ಔಷಧಿ ಮುಗಿದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬಾರದು. ಅದರಲ್ಲಿ ಉಳಿದ ಮದ್ದು ಹೆಪ್ಪಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.

ಈಗ ಮನೆಯಲ್ಲಿ ಬಿಎಸ್ಸಿ ಓದುವ ಮಗಳಿದ್ದವರಿಗೆ ಒಂದು ಮಾತು. ಸಂಜೆ ಹಾಲು ಕರೆಯುವ ಹೊತ್ತಿಗೆ ಬರದೆ ಲ್ಯಾಬಿನಲ್ಲೇ ಕೂರುತ್ತಾಳೆ, ಕೇಳಿದರೆ ಪ್ರಾಜೆಕ್ಟ್ ಎನ್ನುತ್ತಾಳೆ ಎಂದು ಸಂಘದಲ್ಲಿ ತಾಯಂದಿರು ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಒಂದು ದಿನ ಅವಳನ್ನೇ ಕೂರಿಸಿಕೊಂಡು, ತಟ್ಟೆಯಲ್ಲಿ ಏನು ಬೆಳೆಸುತ್ತಿದ್ದೀಯಮ್ಮ ಎಂದು ಕೇಳಿ. ತಿಪ್ಪೆಯ ಮಣ್ಣು ಬೇಕೆಂದರೆ ಒಂದು ಡಬ್ಬಿ ತುಂಬಿ ಕೊಡಿ.