ಸಿ.ವಿ.ಯಲ್ಲಿ ಏನು ಬರೆಯಬೇಕು, ಏನನ್ನು ಮುಚ್ಚಿಡಬಾರದು

ನಾನು ಚೆನ್ನೈಗೆ ಬಂದು ಆರು ವರ್ಷವಾಯಿತು. ಮನೆ ಪೆರಂಬೂರಿನಲ್ಲಿ. ಕೋಲಾರ, ಬಂಗಾರಪೇಟೆ ಕಡೆಯಿಂದ ಇಂಟರ್‌ವ್ಯೂಗೆಂದು ಬರುವ ಹುಡುಗರು ರಾತ್ರಿ ನಮ್ಮಲ್ಲೇ ಉಳಿಯುತ್ತಾರೆ. ಕೆಲವರು ಊರಿನಲ್ಲಿ ನನ್ನ ಹತ್ತಿರವೇ ಓದಿದವರು. ಊಟವಾದ ಮೇಲೆ "ಸರ್, ಒಂದ್ಸಲ ನೋಡ್ತೀರಾ?" ಅಂತ ಸಿ.ವಿ. ಮುಂದಿಡುತ್ತಾರೆ. ನಾನು ಬಿ.ಎಡ್. ಮಾಡಿದ ಮೇಷ್ಟ್ರು, ಎಂಜಿನಿಯರ್ ಅಲ್ಲ. ಆದರೂ ಅಷ್ಟೊಂದು ಸಿ.ವಿ. ತಿದ್ದಿದ ಮೇಲೆ, ಇಂಟರ್‌ವ್ಯೂ ಮುಗಿಸಿ ಬಂದವರ ಮಾತು ಕೇಳಿದ ಮೇಲೆ ಗೊತ್ತಾದ ಕೆಲವು ಸಂಗತಿಗಳನ್ನು ನಿಮಗೂ ಹೇಳಬೇಕು ಅನಿಸಿತು.

ಕಳೆದ ವರ್ಷ ಬಂದ ಒಬ್ಬ ಹುಡುಗನದು ಮೆಕ್ಯಾನಿಕಲ್ ಡಿಪ್ಲೊಮಾ. ಸೈಬರ್ ಅಂಗಡಿಯಲ್ಲಿ ಮಾಡಿಸಿದ ಎರಡು ಪುಟದ ಸಿ.ವಿ. ಮೇಲೆ ಫೋಟೋ. ಕೆಳಗೆ ತಂದೆಯ ಹೆಸರು, ಧರ್ಮ, ಎತ್ತರ, ಮದುವೆ ಆಗಿದೆಯೇ ಇಲ್ಲವೇ. ಇದು ನಿಕಾಹ್‌ಗೆ ಕೊಡುವ ಬಯೋಡೇಟಾ ಅಲ್ಲಪ್ಪ ಅಂದೆ. ನಕ್ಕ. "ಒಳ್ಳೆಯ ಸಂಸ್ಥೆಯಲ್ಲಿ ದುಡಿದು ಸಂಸ್ಥೆಯೊಂದಿಗೆ ಬೆಳೆಯುವುದೇ ನನ್ನ ಗುರಿ" ಎಂಬ ಸಾಲೂ ಇತ್ತು. ಈ ಸಾಲು ಎಲ್ಲರ ಸಿ.ವಿ.ಯಲ್ಲೂ ಇರುತ್ತೆ, ಯಾರೂ ಓದುವುದಿಲ್ಲ.

"ರಜೆಯಲ್ಲಿ ಏನ್ಮಾಡ್ತಿದ್ದೆ?" ಅಂತ ಕೇಳಿದೆ.

"ಅಬ್ಬಾ ಜೊತೆ ವೆಲ್ಡಿಂಗ್ ಶಾಪ್‌ನಲ್ಲಿ ಇರ್ತಿದ್ದೆ ಸರ್. ಗೇಟು, ಗ್ರಿಲ್ಲು. ಅಳತೆ ತಗೊಂಡು ಡ್ರಾಯಿಂಗ್ ಮಾಡೋದು ನಾನೇ. ಪೈಪ್ ಎಷ್ಟು ಬೇಕು ಅಂತ ಲೆಕ್ಕ ಹಾಕೋದೂ ನಾನೇ."

"ಮತ್ತೆ ಇದನ್ನ ಯಾಕೆ ಬರೆದಿಲ್ಲ?"

"ಅದೇನ್ ಸರ್, ಮನೆ ಕೆಲ್ಸ."

ನಮ್ಮಲ್ಲಿ ಎಷ್ಟೋ ಮನೆಗಳ ಕಥೆ ಇದು. ಗ್ಯಾರೇಜು, ಮರಗೆಲಸ, ಟೈಲರಿಂಗು, ಜರ್ದೋಜಿ, ರೇಷ್ಮೆ ನೂಲು ತೆಗೆಯುವುದು. ಮಕ್ಕಳು ಅದರ ನಡುವೆಯೇ ಬೆಳೆಯುತ್ತಾರೆ, ಓದಿದ ಮೇಲೆ ಅದನ್ನು ಮುಚ್ಚಿಡುತ್ತಾರೆ. ಚೆನ್ನೈ ಎಂಥ ಊರು ಅಂತ ಸ್ವಲ್ಪ ನೋಡಿ. ಗಿಂಡಿಯ ಕೈಗಾರಿಕಾ ಎಸ್ಟೇಟ್ 1958ರದು, ಅಂಬತ್ತೂರಿನದು 1964ರದು. ಎಣ್ಣೂರಿನಲ್ಲಿ ಅಶೋಕ್ ಲೇಲ್ಯಾಂಡ್, ಇರುಂಗಾಟ್ಟುಕೋಟ್ಟೈಯಲ್ಲಿ 1998ರಿಂದ ಹ್ಯುಂಡೈ ಕಾರು, ಒರಗಡಂನಲ್ಲಿ 2010ರಲ್ಲಿ ರೆನೋ-ನಿಸಾನ್ ಹೆಸರಿನಲ್ಲಿ ಶುರುವಾದ ಕಾರ್ಖಾನೆ. ಇಂಥ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು ಸುತ್ತಲೂ ಇವೆ. ಕಬ್ಬಿಣ ಬಿಸಿಯಾದರೆ ಹೇಗೆ ಬಾಗುತ್ತದೆ ಅಂತ ಕೈಯಿಂದ ತಿಳಿದ ಹುಡುಗ ಅಲ್ಲಿಗೆ ಬೇಕಾದವನೇ.

ಆ ರಾತ್ರಿ ಕೂತು ಹೊಸದಾಗಿ ಬರೆದೆವು. ಸಿ.ವಿ. ಇಂಗ್ಲಿಷಿನಲ್ಲಿ, ಅರ್ಥ ಇಷ್ಟು: "ತಂದೆಯ ಫ್ಯಾಬ್ರಿಕೇಶನ್ ವರ್ಕ್‌ಶಾಪ್‌ನಲ್ಲಿ 3 ಬೇಸಿಗೆ ಕೆಲಸ. ಸ್ಥಳದಲ್ಲಿ ಅಳತೆ ತೆಗೆದು ಆಟೋಕ್ಯಾಡ್‌ನಲ್ಲಿ ಗೇಟ್, ಗ್ರಿಲ್ ನಕ್ಷೆ. ಆರ್ಕ್ ವೆಲ್ಡಿಂಗ್. 6 ಮೀಟರ್ ಪೈಪಿನಲ್ಲಿ ತುಂಡು ಕಡಿಮೆ ಉಳಿಯುವಂತೆ ಕಟಿಂಗ್ ಲೆಕ್ಕ." ಎಲ್ಲಿ, ಯಾವ ಸಲಕರಣೆಯಿಂದ, ಏನು ಮಾಡಿದೆ, ಅದರಿಂದ ಏನಾಯಿತು, ಎಲ್ಲವೂ ಬಂತು. ಕಾಲೇಜು ಪ್ರಾಜೆಕ್ಟನ್ನೂ ಹೀಗೇ ಬರೆಯಿರಿ. ನಾಲ್ಕು ಜನ ಸೇರಿ ಮಾಡಿದ್ದರೆ ಅದರಲ್ಲಿ ನಿಮ್ಮ ಪಾಲೇನು ಎಂಬುದು ಮುಖ್ಯ. ಸಾಫ್ಟ್‌ವೇರ್ ಹೆಸರುಗಳನ್ನು ಸಾಲಾಗಿ ಪೇರಿಸಬೇಡಿ. ಸಾಲಿಡ್‌ವರ್ಕ್ಸ್ ಅಂತ ಬರೆದರೆ ಅದರಲ್ಲಿ ಯಾವ ಭಾಗ ಮಾಡಿದ್ದೀರಿ ಅಂತ ಪಕ್ಕದಲ್ಲಿ ಇರಲಿ. ಆನ್ಸಿಸ್ ಅಂತ ಸುಮ್ಮನೆ ಸೇರಿಸಿದ್ದ ಒಬ್ಬನನ್ನು "ಮೆಶ್ ಸೈಜ್ ಹೇಗೆ ಆರಿಸಿದೆ?" ಅಂತ ಕೇಳಿದರಂತೆ. ಅಲ್ಲಿಗೆ ಮುಗೀತು.

ಡಿಸೈನ್ ಕೆಲಸಕ್ಕೆ ಹೋಗುವವರಿಗೆ ಸಿ.ವಿ. ಒಂದೇ ಪುಟ ಸಾಕು, ಜೊತೆಗೆ ಪೋರ್ಟ್‌ಫೋಲಿಯೊ ಲಿಂಕ್ ಇರಲೇಬೇಕು. ಇಪ್ಪತ್ತು ಪೋಸ್ಟರ್ ತುಂಬುವುದಕ್ಕಿಂತ ಮೂರು ನಾಲ್ಕು ಕೆಲಸ ಆರಿಸಿ, ಮೊದಲ ಸ್ಕೆಚ್, ಬೇಡವೆಂದು ಬಿಟ್ಟದ್ದು, ಕೊನೆಗೆ ಉಳಿದದ್ದು, ಯಾಕೆ ಅಂತ ತೋರಿಸಿ. ಇಂಟರ್ನ್‌ಶಿಪ್ ಮಾಡಿದ ಕಂಪನಿಯ ಡ್ರಾಯಿಂಗ್‌ಗಳನ್ನು ಅನುಮತಿ ಇಲ್ಲದೆ ಹಾಕಬೇಡಿ, ಅದು ಗುಟ್ಟಿನ ವಿಷಯ. ಭಾಷೆಗಳನ್ನೂ ಲಘುವಾಗಿ ತಗೋಬೇಡಿ. ಉರ್ದು ಓದಿ ಬರೆಯಲು ಬರುವ ಆ್ಯಪ್ ಡಿಸೈನರ್‌ಗೆ ಬಲದಿಂದ ಎಡಕ್ಕೆ ಹೋಗುವ ಲಿಪಿಯಲ್ಲಿ ಪುಟ ಹೇಗೆ ತಿರುಗುತ್ತದೆ ಅಂತ ಹೇಳಿಕೊಡಬೇಕಿಲ್ಲ. ಅರಬ್ ದೇಶಗಳಿಗೆ ಆ್ಯಪ್ ಮಾಡುವ ಕಂಪನಿಗೆ ಅದು ಬೇಕಾದ ವಿದ್ಯೆ.

ಇನ್ನು ಒಂದು ಕಷ್ಟದ ಪ್ರಶ್ನೆ. "ಸರ್, ಹೆಸರಿನಿಂದ ಮೊಹಮ್ಮದ್ ತೆಗೆದ್ರೆ ಕರೀತಾರಾ?" ಅಂತ ಒಬ್ಬ ಕೇಳಿದ. ಸುಮ್ಮನೆ ಹೆದರಬೇಡ ಅಂತ ನಾನು ಹೇಳಲಾರೆ. ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ ಎಂಬ ವಿದ್ವಾಂಸರು ಪತ್ರಿಕೆಯ ಉದ್ಯೋಗ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿ ನೋಡಿದ್ದರು. ಮುಸ್ಲಿಂ ಹೆಸರಿಗೆ, ದಲಿತ ಹೆಸರಿಗೆ ಕರೆ ಬಂದದ್ದು ಕಡಿಮೆ. 2007ರಲ್ಲಿ ಅದು ಪ್ರಕಟವಾಯಿತು. ಆದರೂ ಹೆಸರು ಕತ್ತರಿಸಬೇಡಿ. ಕೆಲಸ ಸಿಕ್ಕ ಮೇಲೆ ದಾಖಲೆ ಪರಿಶೀಲನೆ ಇರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಸಿ.ವಿ.ಯಲ್ಲಿ ಮತ್ತೊಂದು ಇದ್ದರೆ ಅಲ್ಲಿ ಸಿಕ್ಕಿಕೊಳ್ಳುತ್ತೀರಿ. ನಮ್ಮವರಲ್ಲಿ ಮೊಹಮ್ಮದ್, ಸೈಯದ್ ಹೆಸರುಗಳ ಇಂಗ್ಲಿಷ್ ಸ್ಪೆಲಿಂಗ್ ಒಂದೊಂದು ಕಾಗದದಲ್ಲಿ ಒಂದೊಂದು ಥರ. ಅಂತಿಮ ವರ್ಷದಲ್ಲಿ ಇರುವಾಗಲೇ ಸರಿಮಾಡಿಸಿಕೊಳ್ಳಿ. ಧರ್ಮದ ಕಾಲಂ ಮಾತ್ರ ಬೇಡವೇ ಬೇಡ, ಅದನ್ನು ಕೇಳಿದವರು ಯಾರು?

ಅನುಭವದ ಜಾಗ ಪೂರ್ತಿ ಖಾಲಿ ಇದ್ದರೆ ಅಪ್ರೆಂಟಿಸ್‌ಶಿಪ್ ನೋಡಿ. ಚೆನ್ನೈನ ತರಮಣಿಯಲ್ಲಿರುವ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿಯ ದಕ್ಷಿಣ ವಲಯದ ಕಚೇರಿಗೆ ಕರ್ನಾಟಕವೂ ಸೇರುತ್ತದೆ. ಡಿಗ್ರಿ, ಡಿಪ್ಲೊಮಾ ಮುಗಿಸಿದವರಿಗೆ ಕಂಪನಿಯಲ್ಲಿ ಒಂದು ವರ್ಷ ತರಬೇತಿ, ಸ್ಟೈಪೆಂಡ್, ಕೊನೆಗೆ ಪ್ರಮಾಣಪತ್ರ. ನಮ್ಮ ಹುಡುಗರಲ್ಲಿ ಇದು ಗೊತ್ತಿರುವವರು ಕಡಿಮೆ.

ರೂಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ಸಿ.ವಿ.ಯನ್ನು ಮೊದಲು ಸಾಫ್ಟ್‌ವೇರ್ ಓದುತ್ತದೆ. ಟೇಬಲ್ಲು, ಎರಡು ಕಾಲಂ, ಬಣ್ಣದ ಚಿತ್ರ ಇದ್ದರೆ ಅದಕ್ಕೆ ಗೊಂದಲ. ಸರಳ ಅಕ್ಷರ, ಪಿಡಿಎಫ್, ಫೈಲಿಗೆ ನಿಮ್ಮ ಹೆಸರು. ಜಾಹೀರಾತಿನಲ್ಲಿ ಏನು ಕೇಳಿದ್ದಾರೋ ಅದನ್ನು ನೀವು ಮಾಡಿದ್ದರೆ ಮೇಲೆ ತನ್ನಿ. ಲಿಯೊನಾರ್ಡೊ ಡ ವಿಂಚಿ 1482ರ ಸುಮಾರಿಗೆ ಮಿಲಾನಿನ ದೊರೆಗೆ ಕೆಲಸ ಕೇಳಿ ಬರೆದ ಪತ್ರದಲ್ಲಿ ಯುದ್ಧಕ್ಕೆ ಬೇಕಾದ ಸೇತುವೆ, ಯಂತ್ರಗಳ ಮಾತು ಮೊದಲು ಬರುತ್ತದೆ, ಚಿತ್ರ ಬರೆಯುವುದು ಕೊನೆಯಲ್ಲಿ. ದೊರೆಗೆ ಆಗ ಏನು ಬೇಕಿತ್ತು ಅಂತ ಅವನಿಗೆ ಗೊತ್ತಿತ್ತು.

ನಮ್ಮ ವೆಲ್ಡಿಂಗ್ ಶಾಪಿನ ಹುಡುಗನನ್ನು ಮೊದಲ ಎರಡು ಕಡೆ ತೆಗೆದುಕೊಳ್ಳಲಿಲ್ಲ. ಮೂರನೆಯದು ಅಂಬತ್ತೂರಿನ ಒಂದು ಸಣ್ಣ ಕಾರ್ಖಾನೆ. ಪೈಪ್ ಕಟಿಂಗ್ ಸಾಲನ್ನು ತೋರಿಸಿ "ಇದನ್ನ ಹೇಗೆ ಮಾಡಿದೆ, ಬರೆದು ತೋರಿಸು" ಅಂತ ಕಾಗದ ಕೊಟ್ಟರಂತೆ. ಬರೆದು ತೋರಿಸಿದ. ಆಮೇಲೆ ಹತ್ತು ದಿನ ಸುದ್ದಿಯಿಲ್ಲ. ವಿಚಾರಿಸಿದರೆ ಅವರು ಮೂರು ಸಲ ಫೋನ್ ಮಾಡಿದ್ದರು. ಹುಡುಗ ಸಿಮ್ ಬದಲಿಸಿದ್ದ, ಸಿ.ವಿ.ಯಲ್ಲಿ ಹಳೇ ನಂಬರ್ ಹಾಗೇ ಇತ್ತು. ಪುಣ್ಯಕ್ಕೆ ಜಾಗ ಇನ್ನೂ ತುಂಬಿರಲಿಲ್ಲ. ಈಗ ಅಲ್ಲೇ ಇದ್ದಾನೆ.