ಕೂಸು, ಬಾಣಂತಿ ಮತ್ತು ತಿರ್ಲಾಪುರದ ದಾರಿ

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಕೂಸಿನ ಮೊದಲ ದೊಡ್ಡ ಪ್ರಯಾಣವೆಂದರೆ ತವರಿಂದ ತಂದೆಯ ಮನೆಗೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂಬುದು ಇಲ್ಲಿನ ರೂಢಿ. ಕುಬಸ ಮಾಡಿಸಿಕೊಂಡು, ಕೈತುಂಬ ಹಸಿರು ಬಳೆ ಇಟ್ಟುಕೊಂಡು ತವರಿಗೆ ಹೋದವಳು ಮೂರನೆಯದೋ ಐದನೆಯದೋ ತಿಂಗಳಿಗೆ ಕೂಸು ಎತ್ತಿಕೊಂಡು ಮರಳುತ್ತಾಳೆ.

ನವಲಗುಂದ ತಾಲೂಕಿನ ತಿರ್ಲಾಪುರಕ್ಕೆ ಕಲಘಟಗಿ ಕಡೆಯ ಸೊಸೆ ಬಂದಿದ್ದಾಳೆ ಅಂದುಕೊಳ್ಳೋಣ. ಅವಳ ತವರು ಮಲೆನಾಡಿನ ಸೆರಗು; ಅಲ್ಲಿ ಭತ್ತದ ಗದ್ದೆ, ಕಾಡಿನ ನೆರಳು. ಗಂಡನ ಊರು ಬಯಲುಸೀಮೆಯ ಎರೆಭೂಮಿ. ಕಣ್ಣು ಹಾಯುವವರೆಗೆ ಕರಿ ಹೊಲ. ಅಂಕೋಲೆಯಿಂದ ಕಲಘಟಗಿ, ಹುಬ್ಬಳ್ಳಿ, ನವಲಗುಂದ, ವಿಜಯಪುರ ಹಾದು ಸೊಲ್ಲಾಪುರದತ್ತ ಹೋಗುವ 52ನೇ ರಾಷ್ಟ್ರೀಯ ಹೆದ್ದಾರಿ ಈ ಎರಡೂ ಸೀಮೆಗಳನ್ನು ಜೋಡಿಸಿದೆ. ದೊಡ್ಡವರಿಗೆ ಇದು ಅರ್ಧ ದಿನದ ದಾರಿ. ಕೂಸಿಗೆ ಮಾತ್ರ ಹವೆ, ನೀರು, ಎತ್ತಿ ಆಡಿಸುವ ಕೈ, ಸೂಜಿ ಹಾಕುವ ನರ್ಸಮ್ಮ, ಎಲ್ಲವೂ ಒಂದೇ ದಿನ ಬದಲಾಗುತ್ತವೆ. ಬಾಣಂತಿಗೂ ಅಷ್ಟೇ.

ಹೊರಡುವ ದಿನವನ್ನು ಗೊತ್ತುಮಾಡುವವರು ಯಾರು? ಹಿರಿಯರನ್ನು ಕೇಳಿದರೆ ಬೆಸ ತಿಂಗಳಾಗಬೇಕು, ಅಮಾವಾಸ್ಯೆ ಹತ್ತಿರ ಇರಬಾರದು, ಮಂಗಳವಾರ ಬೇಡ ಎನ್ನುತ್ತಾರೆ. ಬಹಳ ಮನೆಗಳಲ್ಲಿ ದಿನವನ್ನು ನಿಜವಾಗಿ ಗೊತ್ತುಮಾಡುವುದು ಹೊಲ. ಮುಂಗಾರಿನ ಹೆಸರು ಆಗಸ್ಟ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಆಮೇಲೆ ಹತ್ತಿ ಬಿಡಿಸುವ ಕಾಲ. ಸಂಕ್ರಾಂತಿಯ ಆಚೀಚೆ ಕಡಲೆ, ಅದರ ಬೆನ್ನಿಗೆ ಬಿಳಿಜೋಳ, ಗೋಧಿ. “ಕಡ್ಲಿ ಕೀಳೂದ ಬಂತ್ರಿ, ಮನ್ಯಾಗ ಕೈ ಸಾಲವಲ್ಲವು, ಮಗಳನ್ನ ಕಳಸ್ರಿ” ಎಂದು ಬೀಗರ ಫೋನ್ ಬಂತೆಂದರೆ ತವರಿನವರು ಮರುಮಾತಾಡುವುದು ಕಷ್ಟ. ಈ ಅಧ್ಯಾಯದಲ್ಲಿ ಒತ್ತಿ ಹೇಳಬೇಕಾದದ್ದು ಇದನ್ನೇ: ಕೂಸಿನ ಮೊದಲ ಪ್ರಯಾಣದ ದಿನವನ್ನು ಬಾಣಂತಿಯ ಮೈ ಮತ್ತು ಕೂಸಿನ ಲಸಿಕೆ ಕಾರ್ಡು ನೋಡಿ ಇಡಬೇಕು, ಸುಗ್ಗಿ ನೋಡಿ ಅಲ್ಲ. ಅವಳು ಬಂದ ಮೇಲೂ ಕೂಸಿಗೆ ಆರು ತಿಂಗಳು ತುಂಬುವವರೆಗೆ ದಿನವಿಡೀ ಹೊಲಕ್ಕೆ ಕರೆಯಬಾರದು.

ಆರು ತಿಂಗಳು ಎನ್ನುವುದಕ್ಕೆ ಕಾರಣವಿದೆ. ಅಲ್ಲಿಯವರೆಗೆ ಕೂಸಿಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ, ಬೇಸಿಗೆಯ ಬಿಸಿಲಲ್ಲೂ ಗುಟುಕು ನೀರು ಬೇಡ. ತಾಯಿ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ಮರಳಿದರೆ ಮನೆಯಲ್ಲಿ ಅಜ್ಜಿ ಏನು ಮಾಡಬೇಕು? ಸಕ್ಕರೆ ನೀರು, ಆಕಳ ಹಾಲು, ಅದ್ದಿದ ಬಿಸ್ಕತ್ತು. ಕೂಸು ಕಡಿಮೆ ಚೀಪಿದಷ್ಟು ಎದೆಯಲ್ಲಿ ಹಾಲು ಇಳಿಯುವುದೂ ಕಡಿಮೆಯಾಗುತ್ತದೆ. ಕೆಲವೇ ದಿನದಲ್ಲಿ “ನಿನಗ ಹಾಲ ಸಾಲೂದಿಲ್ಲ” ಎಂಬ ಮಾತು ಅವಳ ತಲೆಯ ಮೇಲೆಯೇ ಬೀಳುತ್ತದೆ. ಹಾಲು ಬತ್ತಿದ್ದು ಅವಳ ದೋಷದಿಂದಲ್ಲ, ಅವಳನ್ನು ಹೊಲಕ್ಕೆ ಕಳಿಸಿದ್ದರಿಂದ. ಒಂದೆರಡು ತಾಸು ಹೋಗಲೇಬೇಕಾಗಿ ಬಂದರೆ, ಕುದಿನೀರಲ್ಲಿ ತೊಳೆದ ಸ್ಟೀಲಿನ ವಾಟಿಗೆ ಹಾಲು ಹಿಂಡಿ ಮುಚ್ಚಿಟ್ಟು ಹೋಗಬಹುದು. ಮನೆಯ ತಂಪು ಜಾಗದಲ್ಲಿ ಅದು ನಾಲ್ಕು ತಾಸು ಕೆಡುವುದಿಲ್ಲ, ಕಡು ಬೇಸಿಗೆಯಲ್ಲಿ ಅದಕ್ಕೂ ಮೊದಲೇ ಕುಡಿಸಿಬಿಡಬೇಕು. ಚಮಚೆಯಿಂದ ಕುಡಿಸಬೇಕು, ಬಾಟಲಿಯಿಂದಲ್ಲ. ಆರು ತಿಂಗಳು ದಾಟಿದ ಮೇಲಿನ ಮಾತು ಬೇರೆ. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ರಾಜ್ಯ ಸರ್ಕಾರ 2023–24ರ ಬಜೆಟ್ಟಿನಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಸಾರಿತು. ನಿಮ್ಮ ಪಂಚಾಯಿತಿಯಲ್ಲಿ ಅದು ತೆರೆದಿದೆಯೇ ಎಂದು ವಿಚಾರಿಸಿ.

ಇನ್ನು ಲಸಿಕೆ. ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಆಗಿರುತ್ತವೆ. ಆಮೇಲೆ ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ಪೆಂಟಾವೇಲೆಂಟ್ ಸೂಜಿ, ಜೊತೆಗೆ ಪೋಲಿಯೊ ಮತ್ತು ರೋಟಾ ಹನಿ. ಒಂಬತ್ತು ತಿಂಗಳು ತುಂಬಿದಾಗ ನಮ್ಮ ಕಡೆ ಗೊಬ್ಬರ ಎನ್ನುವ ದಡಾರಕ್ಕೆ ಮತ್ತು ರುಬೆಲ್ಲಾಕ್ಕೆ ಸೂಜಿ. ಮೂರು ತಿಂಗಳೆಂದರೆ ಹದಿಮೂರು ವಾರ. ಮೂರನೇ ತಿಂಗಳು ತುಂಬಿತೆಂದು ಹೊರಟ ಕೂಸಿಗೆ ಹದಿನಾಲ್ಕನೇ ವಾರದ ಸೂಜಿ ಸರಿಯಾಗಿ ಪ್ರಯಾಣದ ಗಡಿಬಿಡಿಯಲ್ಲೇ ಬರುತ್ತದೆ! ತವರಿನ ಆಶಾ ಕಾರ್ಯಕರ್ತೆ ‘ಊರಿಗೆ ಹೋದಳು’ ಎಂದು ಬರೆದುಕೊಳ್ಳುತ್ತಾಳೆ, ಗಂಡನ ಊರಿನ ಆಶಾಗೆ ಇನ್ನೂ ಸುದ್ದಿಯೇ ಮುಟ್ಟಿರುವುದಿಲ್ಲ. ನಡುವೆ ಸೂಜಿ ತಪ್ಪುತ್ತದೆ. ನನ್ನ ಸಲಹೆ ಇಷ್ಟು: ಮೂರಕ್ಕೆ ಕಳಿಸುವ ಮನೆಯವರು ಇನ್ನೊಂದು ವಾರ ತಡೆದು, ಹದಿನಾಲ್ಕನೇ ವಾರದ ಸೂಜಿ ಹಾಕಿಸಿ, ಅದರ ಜ್ವರ ಇಳಿದ ಮೇಲೆ ಕಳಿಸಲಿ. ಐದನೇ ತಿಂಗಳಿಗೆ ಕಳಿಸುವವರ ಮಗುವಿಗೆ ಈ ತೊಡಕೇ ಇಲ್ಲ. ಮುಂದಿನ ಸೂಜಿಗೆ ಒಂಬತ್ತರವರೆಗೆ ಸಮಯವಿದೆ. ಹಳೆಯ ಐದರ ಲೆಕ್ಕ ಇಲ್ಲಿ ಕೂಸಿಗೆ ಒಳ್ಳೆಯದೇ ಮಾಡಿದೆ. ಹಳ್ಳಿಗಳಲ್ಲಿ ಸೂಜಿ ಹಾಕುವುದು ಸಾಮಾನ್ಯವಾಗಿ ಗುರುವಾರ. ತಿರ್ಲಾಪುರಕ್ಕೆ ಬಂದ ವಾರದಲ್ಲೇ ತಾಯಿ ಕಾರ್ಡನ್ನು ಅಲ್ಲಿನ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಗೆ ತೋರಿಸಿ ಹೆಸರು ಹಚ್ಚಿಸಬೇಕು.

ಹೆಸರು ಹಚ್ಚಿಸಿದರೆ ತಾಯಿಗೂ ಲಾಭವಿದೆ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಗೆ ಅಂಗನವಾಡಿಯ ಊಟ ಸಲ್ಲಬೇಕು. ರಕ್ತಹೀನತೆಗೆ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಹೆರಿಗೆಯ ನಂತರ 180 ದಿನ ದಿನಕ್ಕೊಂದರಂತೆ ನುಂಗಬೇಕು. ಊರು ಬದಲಿಸುವಾಗ ಈ ಎರಡೂ ತಟ್ಟನೆ ನಿಂತುಬಿಡುತ್ತವೆ. ಅಳವಿ ಪಾಯಸ, ಅಂಟಿನುಂಡಿ, ಸಬ್ಬಸಗಿ ಪಲ್ಯ ಉಣಿಸುವ ತವರಿನ ಅಕ್ಕರೆ ದೊಡ್ಡದು. ಗಂಡನ ಮನೆಗೆ ಬಂದ ಮರುದಿನದಿಂದ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಸರದಿ ಅವಳಿಗೆ ಬರಬಾರದು.

ಜನನ ಪ್ರಮಾಣಪತ್ರವನ್ನು ತವರಿನ ಕಡೆಯ ಆಸ್ಪತ್ರೆಯಲ್ಲೇ ಪಡೆದುಕೊಂಡು ಹೊರಡಿ. 21 ದಿನದೊಳಗೆ ನೋಂದಣಿಯಾಗಬೇಕು. ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆ ಒಂದು ವರ್ಷದೊಳಗೆ ಆ ಹೆಸರನ್ನು ಅಲ್ಲೇ ಸೇರಿಸಿದರೆ ಶುಲ್ಕವಿಲ್ಲ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಹಿಡಿದು ಆಧಾರ್‌ವರೆಗೆ ಹುಟ್ಟಿದ ದಿನ, ಹುಟ್ಟಿದ ಊರಿಗೆ ಈ ಒಂದು ಕಾಗದವೇ ಆಧಾರ. ಹೆರಿಗೆಯಾದ ಊರು ಬೇರೆ, ಬೆಳೆಯುವ ಊರು ಬೇರೆ ಆದಾಗ ಇದಕ್ಕಾಗಿ ಆಮೇಲೆ ಅಲೆಯುವುದು ತಪ್ಪಲಿ.

ಈಗ ಗಂಟು ಕಟ್ಟುವ ಹೊತ್ತು. ನಮ್ಮ ಸೀಮೆಯಲ್ಲಿ ಕೂಸಿನ ಉಡುಪಿನ ರಾಣಿ ಕುಂಚಗಿ. ಅಜ್ಜಿಯೋ ಸೋದರತ್ತೆಯೋ ಖಣದ ಬಟ್ಟೆಯಲ್ಲಿ ಹೊಲಿದದ್ದು. ತಲೆಯ ಮೇಲೆ ಟೊಪ್ಪಿಗೆಯಾಗಿ ಕೂತು, ಕಿವಿ ಮುಚ್ಚಿ, ಬೆನ್ನ ಕೆಳಗೆ ಸೆರಗಿನಂತೆ ಇಳಿಯುತ್ತದೆ. ಗಲ್ಲದಡಿ ಕಟ್ಟಲು ಲಾಡಿ, ಅಂಚಿಗೆ ಜರಿ, ಮೇಲೆ ಹೊಳೆಯುವ ಟಿಕಳಿ. ಒಳಗೆ ಹಳೆಯ ಮೆತ್ತನೆ ಪಂಚೆಯ ಅಸ್ತರಿ ಕೊಟ್ಟಿದ್ದರೆ ಕೂಸಿಗೆ ಚುಚ್ಚುವುದಿಲ್ಲ. ನಸುಕಿನ ಚಳಿಗೆ, ಕಿಟಕಿಯ ಗಾಳಿಗೆ ಇದಕ್ಕಿಂತ ಒಳ್ಳೆಯ ಹೊದಿಕೆ ಕಾಣೆ. ಆದರೆ ಏಪ್ರಿಲ್‌ನ ಮಧ್ಯಾಹ್ನ ಅದರ ಮೇಲೊಂದು ಕುಲಾವಿ, ಮತ್ತೊಂದು ಕೌದಿ ಸುತ್ತಿದರೆ ಕೂಸಿನ ಮೈ ಕಾಯುತ್ತದೆ. ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ದೃಷ್ಟಿಯಾದೀತೆಂದು ಮುಖದ ಮೇಲೆ ಸೆರಗು ಮುಚ್ಚಿ ಮಲಗಿಸುವುದು ಬೇಡ, ಉಸಿರು ಕಟ್ಟುತ್ತದೆ. ಕುತ್ತಿಗೆಯ ಕರಿದಾರ, ಬಜೆಯ ಮಣಿ ಬಿಗಿಯಾಗುವಂತಿದ್ದರೆ ಪ್ರಯಾಣದ ಹೊತ್ತಿಗೆ ತೆಗೆದಿಡಿ. ಕೂಸಿನ ಮಗ್ಗುಲಲ್ಲಿ ಕಬ್ಬಿಣವಿರಲೆಂದು ಚಾಕು ಇಡುವವರು ಅದನ್ನು ಬೇರೆ ಚೀಲಕ್ಕೆ ಹಾಕಲಿ.

ಬಸ್ಸೋ ಗಾಡಿಯೋ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿಲ್ಲ, ಕೂಸಿಗಂತೂ ಇಲ್ಲವೇ ಇಲ್ಲ. ತವರಿನಿಂದ ಕಳಿಸಲು ಬರುವ ಅವ್ವ, ಅತ್ತಿಗೆ ಎಲ್ಲರೂ ಆಧಾರ್ ತೋರಿಸಿ ಬರಬಹುದು. ಅದರಿಂದ ಬಸ್ಸು ತುಂಬಿಯೂ ಇರುತ್ತದೆ, ಹಾಗಾಗಿ ಬಸ್ಸು ಹೊರಡುವ ಜಾಗದಲ್ಲೇ ಹತ್ತಿ. ಹಿಂದಿನ ಸೀಟು ಕುಲುಕುತ್ತದೆ, ನಡುಭಾಗದ ಸೀಟು ಹಿಡಿಯಿರಿ. ಹೆರಿಗೆಯ ಹೊಲಿಗೆ ಇನ್ನೂ ಎಳೆಯದಾಗಿರುವ ಬಾಣಂತಿಗೂ ಅದೇ ಹಿತ. ಹುಬ್ಬಳ್ಳಿಯಲ್ಲಿ ಬಸ್ ನಿಲ್ದಾಣಗಳು ಒಂದಕ್ಕಿಂತ ಹೆಚ್ಚು. ಕಲಘಟಗಿ ಬಸ್ಸು ಎಲ್ಲಿ ಇಳಿಸುತ್ತದೆ, ನವಲಗುಂದದ್ದು ಎಲ್ಲಿಂದ ಹೊರಡುತ್ತದೆ ಎಂದು ಮೊದಲೇ ಕೇಳಿಟ್ಟುಕೊಂಡರೆ ಬಿಸಿಲಲ್ಲಿ ಕೂಸು ಹೊತ್ತು ತಿರುಗುವುದು ತಪ್ಪುತ್ತದೆ. ಕೆಲವು ನಿಲ್ದಾಣಗಳಲ್ಲಿ ಹಾಲುಣಿಸುವ ಕೋಣೆಯಿದೆ. ಬೀಗ ಬಿದ್ದಿದ್ದರೆ ತೆಗೆಸಿಕೊಳ್ಳಿ. ಅದು ಇರುವುದೇ ನಿಮಗಾಗಿ. ಇಲ್ಲದಿದ್ದರೆ ಸೀಟಿನಲ್ಲೇ ಸೆರಗು ಮರೆಮಾಡಿ ಕುಡಿಸಿ. ಎದುರು ಕೂತ ಗಂಡಸರು ಮುಖ ಆ ಕಡೆ ತಿರುಗಿಸಬೇಕು, ತಾಯಿ ಹಸಿದ ಕೂಸನ್ನು ಅಳಿಸಬೇಕಿಲ್ಲ.

ಬಾಡಿಗೆ ಕಾರಾದರೆ ಬಾಣಂತಿ ಹಿಂದಿನ ಸೀಟಿನಲ್ಲಿ ಕೂಡಬೇಕು, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂಡುವುದು ಅಪಾಯ. ಹೆದ್ದಾರಿ ಬಿಟ್ಟ ಮೇಲೆ ಊರವರೆಗೆ ಟಂಟಂ ಸಿಗುತ್ತದೆ. ಬೈಕಿನ ಮೋಹ ಮಾತ್ರ ಬೇಡ. 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ನಿಯಮದಂತೆ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಸುರಕ್ಷಾ ಪಟ್ಟಿ, ಹೆಲ್ಮೆಟ್ ಬೇಕು, ವೇಗ ತಾಸಿಗೆ 40 ಕಿ.ಮೀ. ಮೀರಬಾರದು. ಅದಕ್ಕಿಂತ ಎಳೆಯ ಕೂಸಿಗೆ ಹೆಲ್ಮೆಟ್ಟಿನ ಭಾರ ಹೊರುವಷ್ಟು ಕತ್ತೇ ಬಲಿತಿರುವುದಿಲ್ಲ.

ಕೂಸಿನ ಹಿಂದೆಯೇ ತೊಟ್ಟಿಲೂ ಬರಬೇಕು. ಕಲಘಟಗಿಯ ತವರಾದರೆ ಕೇಳುವುದೇ ಬೇಡ. ಸಾಗವಾನಿಯ ಮೇಲೆ ಅರಗಿನ ಬಣ್ಣದಲ್ಲಿ ರಾಮಾಯಣದ, ಬಾಲಕೃಷ್ಣನ ಚಿತ್ರ ಬರೆದ ಆ ಊರಿನ ತೊಟ್ಟಿಲು ನಾಡಿಗೆಲ್ಲ ಗೊತ್ತು. 2018ರಲ್ಲಿ ನಟ ಅಂಬರೀಷ್ ತಾವು ತೀರಿಕೊಳ್ಳುವ ಮುನ್ನ ಯಶ್ ಮತ್ತು ರಾಧಿಕಾ ಪಂಡಿತ್ ದಂಪತಿಯ ಕೂಸಿಗೆಂದು ಅಲ್ಲಿಯೇ ತೊಟ್ಟಿಲು ಮಾಡಲು ಹೇಳಿದ್ದರು. ಬೆಲೆ ಕಂಡು ಹೆದರಬೇಡಿ. ಮನೆತನದಲ್ಲಿ ಒಂದು ತೊಟ್ಟಿಲಿದ್ದರೆ ಅಕ್ಕನ ಮನೆಯಿಂದ ತಂಗಿಯ ಮನೆಗೆ, ಅಲ್ಲಿಂದ ಸೋದರಮಾವನ ಮನೆಗೆ ತಲೆಮಾರುಗಟ್ಟಲೆ ಓಡಾಡುತ್ತದೆ. ಸಾಲ ಮಾಡಿ ಹೊಸದನ್ನು ಕೊಡಿರೆಂದು ಬೀಗರು ಕೇಳುವುದು ತಪ್ಪು. ಬಿಚ್ಚಿ ಜೋಡಿಸಿದ ತೊಟ್ಟಿಲಿನ ಬೆಣೆಗಳು ಕುಲುಕಾಟದಲ್ಲಿ ಸಡಿಲಾಗಿರುತ್ತವೆ. ಕೂಸನ್ನು ಹಾಕುವ ಮುನ್ನ ಜೋಳದ ಚೀಲ ಇಟ್ಟು ತೂಗಿ ನೋಡಿ.

ತಿರ್ಲಾಪುರದ ಸೀಮೆಗೆ ಬಂದಾಗ ಲಿಂಬೆಹಣ್ಣು ನಿವಾಳಿಸುವುದು, ಬಾಗಿಲಲ್ಲಿ ಆರತಿ ಎತ್ತುವುದು ಸಂತೋಷದ ಶಾಸ್ತ್ರ, ಮಾಡಿ. ಅಡ್ಡಿಯಿರುವುದು ಒಳಗೆ ಬಂದ ಮೇಲಿನ ಕೆಲವಕ್ಕೆ. ಆರು ತಿಂಗಳವರೆಗೆ ಬೇರು ತೇಯ್ದು ಕುಡಿಸುವ ಗುಟ್ಟಿಯೂ ಬೇಡ; ಆಮೇಲೂ ಅದರೊಡನೆ ಜೇನು ನೆಕ್ಕಿಸಬೇಡಿ. ಒಂದು ವರ್ಷ ತುಂಬದ ಮಗುವಿಗೆ ಜೇನಿನಲ್ಲಿರಬಹುದಾದ ಬೀಜಾಣುಗಳಿಂದ ನರಗಳನ್ನು ಸೋಲಿಸುವ ಬೊಟುಲಿಸಂ ರೋಗ ಬರಬಹುದು. ಬಾಗಿಲು ಹಾಕಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಗೆ ಇಡಬೇಡಿ. ಅದರ ವಿಷಗಾಳಿಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತಾಗುವುದೇ ಇಲ್ಲ. ಎಣ್ಣೆ ಹಚ್ಚಿ ನೀರೆರೆಯುವುದು ಒಳ್ಳೆಯದೇ; ಮೂಗು ಕಿವಿಗೆ ಎಣ್ಣೆ ಬಿಡುವುದು ಬೇಡ.

ಮಳೆಗಾಲದಲ್ಲಿ ಈ ಸೀಮೆಯ ಪ್ರಯಾಣಕ್ಕೆ ಬೇರೆಯೇ ಲೆಕ್ಕ. ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದರೆ ನವಲಗುಂದ ತಾಲೂಕಿನ ಎಷ್ಟೋ ದಾರಿಗಳು ಬಂದಾಗುತ್ತವೆ. ಎರೆಮಣ್ಣು ನೆನೆದರೆ ಗಾಲಿಯೂ ಏಳುವುದಿಲ್ಲ, ಕಾಲೂ ಏಳುವುದಿಲ್ಲ. ಮೋಡ ಕಟ್ಟಿದ್ದರೆ ಮುಹೂರ್ತ ಮುಂದೂಡಿ. ಕೂಸು ಚೀಪುವುದನ್ನು ಬಿಟ್ಟರೆ, ಮೈ ಕಾದರೆ ಇಲ್ಲವೇ ತಣ್ಣಗಾದರೆ, ಫಿಟ್ಸ್ ಬಂದರೆ, ಉಸಿರೆಳೆಯುವಾಗ ಪಕ್ಕೆ ಒಳಗೆ ಎಳೆದರೆ ತಡಮಾಡದೆ 108ಕ್ಕೆ ಫೋನ್ ಮಾಡಬೇಕು. ಮಲಗಿರುವ ಕೂಸಿನ ಉಸಿರನ್ನು ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿ: ಎರಡು ತಿಂಗಳೊಳಗಿನ ಕೂಸಿಗೆ 60, ಅದಕ್ಕಿಂತ ದೊಡ್ಡದಕ್ಕೆ ವರ್ಷ ತುಂಬುವವರೆಗೆ 50 ಮುಟ್ಟಿದರೆ ಅದು ನ್ಯುಮೋನಿಯಾದ ಗುರುತಾಗಿರಬಹುದು. ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಇದೆ. ವರ್ಷದೊಳಗಿನ ಕಾಯಿಲೆಯ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ ಮತ್ತು ವಾಹನ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ.

ಮನೆಗೆ ಮುಟ್ಟಿ ನಾಲ್ಕು ದಿನವಾದರೆ ಹರಕೆಯ ಮಾತು ಏಳುತ್ತದೆ. ಮಕ್ಕಳಾಗಲೆಂದು ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಬೆಳ್ಳಿ ತೊಟ್ಟಿಲು ಬೇಡಿಕೊಂಡವರು ಹೋಳಿ ಹಬ್ಬಕ್ಕೆ ಕೂಸಿನೊಡನೆ ಹೋಗಬೇಕೆನ್ನುತ್ತಾರೆ. ಅದೇ ತಾಲೂಕಿನ ಯಮನೂರಿನ ಜಾತ್ರೆಗೆ ಹೋದವರು ಬೆಣ್ಣಿಹಳ್ಳದಲ್ಲಿ ಮಿಂದರೆ ಚರ್ಮದ ಬೇನೆ ಹೋಗುತ್ತದೆಂದು ನಂಬುತ್ತಾರೆ. ಹರಕೆಯನ್ನು ಅಪ್ಪ ಅಮ್ಮ ಸಲ್ಲಿಸಲಿ, ಕೂಸನ್ನು ಅಜ್ಜಿಯ ಹತ್ತಿರ ಬಿಟ್ಟು ಹಾಲಿನ ಹೊತ್ತಿಗೆ ಮರಳಲಿ. ಹೋಳಿಯ ಬಣ್ಣ, ಗದ್ದಲ, ಕೆಮ್ಮುವ ಜನ ಎಳೆಗೂಸಿಗೆ ಆಗದು. ಒಂಬತ್ತರ ಸೂಜಿಯಾದ ಮೇಲೆ ಜವಳಕ್ಕೆಂದು ಕರೆದೊಯ್ಯುವುದಾದರೆ ಜಾತ್ರೆಯ ಮುಖ್ಯ ದಿನ ಬಿಟ್ಟು, ಜನ ಕರಗಿದ ವಾರದಲ್ಲಿ ಬೆಳಗ್ಗೆ ಬೇಗ ಹೋಗಿ. ಕ್ಷೌರದವರಿಗೆ ಹೊಸ ಬ್ಲೇಡನ್ನು ನೀವೇ ಕೈಗೆ ಕೊಡಿ. ಬೋಳಿಸಿದ ತಲೆಗೆ ಹಳ್ಳದ ನೀರು ಹಾಕದೆ, ಮನೆಯಲ್ಲಿ ಕುದಿಸಿ ಆರಿಸಿ ತಂದ ನೀರಿನಿಂದ ತೊಳೆಯಿರಿ.