ಗರ್ಭಾವಸ್ಥೆಯ ಮಲೇರಿಯಾ ಮತ್ತು ಶಿಶುವಿನ ರೋಗನಿರೋಧಕ ಶಕ್ತಿ

ಗರ್ಭಾವಸ್ಥೆಯಲ್ಲಿ ತಾಯಿಗೆ ತಗಲುವ ಮಲೇರಿಯಾ ಸೋಂಕು, ಹುಟ್ಟಲಿರುವ ಶಿಶುವಿನ ರೋಗನಿರೋಧಕ ವ್ಯವಸ್ಥೆಯ ಬೆಳವಣಿಗೆಯ ಮೇಲೆ ಪ್ರಭಾವ ಬೀರುತ್ತದೆ. ಪ್ಲಾಸ್ಮೋಡಿಯಂ ಫಾಲ್ಸಿಪಾರಮ್ ಎಂಬ ಪರಾವಲಂಬಿ ಜೀವಿ ವ್ಯಾಪಕವಾಗಿರುವ ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಈ ವಿಷಯವನ್ನು ಹೆಚ್ಚಾಗಿ ಅಧ್ಯಯನ ಮಾಡಲಾಗಿದೆ.

ಮಾಸಿನಲ್ಲಿ ಸೋಂಕು

ಸೋಂಕಿತ ಕೆಂಪು ರಕ್ತಕಣಗಳು ಮಾಸಿನಲ್ಲಿ (ಜರಾಯು) ತಾಯಿಯ ರಕ್ತ ಹರಿಯುವ ಅವಕಾಶಗಳಲ್ಲಿ ಶೇಖರಗೊಳ್ಳುತ್ತವೆ. ಈ ಕಣಗಳು ಅಲ್ಲಿನ ಕಾಂಡ್ರಾಯ್ಟಿನ್ ಸಲ್ಫೇಟ್ ಎ ಎಂಬ ಅಣುವಿಗೆ ಅಂಟಿಕೊಳ್ಳುತ್ತವೆ ಎಂಬುದನ್ನು ಮಿಖಾಲ್ ಫ್ರೀಡ್ ಮತ್ತು ಪ್ಯಾಟ್ರಿಕ್ ಡಫಿ 1996ರಲ್ಲಿ ಪ್ರಕಟಿಸಿದರು. ಹೀಗೆ ಅಂಟಿಕೊಳ್ಳಲು ನೆರವಾಗುವ ಪ್ರೋಟೀನಿಗೆ ವಾರ್-2-ಸಿಎಸ್‌ಎ ಎಂದು ಹೆಸರು. ಬಾಲ್ಯದಿಂದಲೂ ಮಲೇರಿಯಾ ಅನುಭವಿಸಿದ ಮಹಿಳೆಯಲ್ಲೂ ಈ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳು ಸಾಮಾನ್ಯವಾಗಿ ಇರುವುದಿಲ್ಲ. ಅವು ಗರ್ಭ ಧರಿಸಿದ ಬಳಿಕವೇ ಬೆಳೆಯುತ್ತವೆ. ಆದುದರಿಂದ ಮೊದಲ ಬಾರಿಯ ಗರ್ಭಿಣಿಯರೇ ಹೆಚ್ಚು ಅಪಾಯಕ್ಕೆ ಒಳಗಾಗುತ್ತಾರೆ. ತಾಯಿಗೆ ರಕ್ತಹೀನತೆ ಮತ್ತು ಶಿಶುವಿಗೆ ಕಡಿಮೆ ಜನನ ತೂಕ ಇದರ ಪ್ರಮುಖ ಪರಿಣಾಮಗಳು.

ತಾಯಿಯಿಂದ ಬರುವ ಪ್ರತಿಕಾಯಗಳು

ನವಜಾತ ಶಿಶುವಿನ ಆರಂಭಿಕ ರಕ್ಷಣೆ ಬಹುಮಟ್ಟಿಗೆ ತಾಯಿಯಿಂದ ದೊರೆತ ಐಜಿಜಿ ಪ್ರತಿಕಾಯಗಳನ್ನೇ ಅವಲಂಬಿಸಿದೆ. ಮಾಸಿನಲ್ಲಿರುವ ಒಂದು ಗ್ರಾಹಕವು ಇವುಗಳನ್ನು ಸಾಗಿಸುತ್ತದೆ. ಈ ಸಾಗಣೆಯ ಹೆಚ್ಚಿನ ಭಾಗ ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ನಡೆಯುವುದರಿಂದ ಅವಧಿಗೆ ಮುನ್ನ ಜನಿಸಿದ ಮಗುವಿಗೆ ಕಡಿಮೆ ಪಾಲು ಸಿಗುತ್ತದೆ. ಮಲೇರಿಯಾದಿಂದ ತಾಯಿಯ ರಕ್ತದಲ್ಲಿ ಐಜಿಜಿ ಪ್ರಮಾಣ ವಿಪರೀತವಾಗಿ ಏರಿದರೆ ಗ್ರಾಹಕಗಳಿಗಾಗಿ ಪೈಪೋಟಿ ಉಂಟಾಗುತ್ತದೆ. ದಡಾರ, ಧನುರ್ವಾಯು ಮೊದಲಾದ ರೋಗಗಳ ವಿರುದ್ಧದ ಪ್ರತಿಕಾಯಗಳೂ ಮಗುವಿಗೆ ಕಡಿಮೆ ತಲುಪಿರುವುದು ಕೆಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಎಲ್ಲ ಅಧ್ಯಯನಗಳ ಫಲಿತಾಂಶ ಒಂದೇ ಆಗಿಲ್ಲ.

ಸಹನೆಯೋ ಸನ್ನದ್ಧತೆಯೋ

ಪರಾವಲಂಬಿ ಜೀವಿಯೇ ಭ್ರೂಣವನ್ನು ಸೇರದಿದ್ದರೂ ಅದರ ಪ್ರತಿಜನಕಗಳು ಮಾಸನ್ನು ದಾಟಬಲ್ಲವು. ಸೋಂಕಿತ ತಾಯಂದಿರ ಶಿಶುಗಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಮಲೇರಿಯಾವನ್ನು ಗುರುತಿಸುವ ಟಿ ಕೋಶಗಳು ಕಂಡುಬಂದಿರುವುದೇ ಇದಕ್ಕೆ ಸಾಕ್ಷಿ. ತಾಯಿಯ ಕೋಶಗಳ ಮೇಲೆ ದಾಳಿ ಮಾಡದಂತೆ ಭ್ರೂಣದಲ್ಲಿ ನಿಯಂತ್ರಕ ಟಿ ಕೋಶಗಳು ಹೇರಳವಾಗಿರುತ್ತವೆ. ಮಲೇರಿಯಾದ ಪ್ರತಿಜನಕಗಳನ್ನೂ ಭ್ರೂಣವು ಹೀಗೆಯೇ ಸಹಿಸಿಕೊಳ್ಳಲು ಕಲಿಯುವ ಸಾಧ್ಯತೆಯಿದೆ. ಕೀನ್ಯಾದಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂತಹ ಸಹನೆಯ ಲಕ್ಷಣ ತೋರಿದ ಮಕ್ಕಳಿಗೆ ಮುಂದೆ ಸೋಂಕಿನ ಅಪಾಯ ಹೆಚ್ಚಾಗಿತ್ತು. ಕ್ಯಾಮರೂನ್‌ನಲ್ಲೂ ಮಾಸಿನಲ್ಲಿ ಸೋಂಕಿದ್ದ ತಾಯಂದಿರ ಮಕ್ಕಳಿಗೆ ಮಲೇರಿಯಾ ಬೇಗ ಬಂದಿತ್ತು. ಇದಕ್ಕೆ ವ್ಯತಿರಿಕ್ತವಾಗಿ, ಉಗಾಂಡಾದಲ್ಲಿ ಗರ್ಭದಲ್ಲೇ ಸಕ್ರಿಯಗೊಂಡ ಟಿ ಕೋಶಗಳು ರಕ್ಷಣೆಯೊಂದಿಗೆ ತಳುಕು ಹಾಕಿಕೊಂಡಿದ್ದವು. ಸೋಂಕು ಗರ್ಭದ ಯಾವ ತಿಂಗಳಲ್ಲಿ ತಗಲಿತು, ಎಷ್ಟು ಕಾಲ ಉಳಿಯಿತು ಎಂಬುದು ಈ ಭಿನ್ನತೆಗೆ ಒಂದು ಕಾರಣವಿರಬಹುದು. ಇಂತಹ ಅಧ್ಯಯನಗಳಿಗೆ ಒಂದು ಮೂಲಭೂತ ತೊಡಕಿದೆ: ಸೋಂಕಿತ ತಾಯಿಯ ಮಗು ಹುಟ್ಟಿದ ಮೇಲೂ ಸೊಳ್ಳೆಗಳಿರುವ ಅದೇ ಮನೆಯಲ್ಲಿ ಬೆಳೆಯುತ್ತದೆ. ಮಗುವಿನ ದೇಹದ ದೌರ್ಬಲ್ಯವನ್ನೂ ಪರಿಸರದ ಅಪಾಯವನ್ನೂ ಬೇರ್ಪಡಿಸಿ ನೋಡುವುದು ಸುಲಭವಲ್ಲ.

ತಡೆಗಟ್ಟುವಿಕೆ

ಆಫ್ರಿಕಾದಲ್ಲಿ ಕೀಟನಾಶಕ ಲೇಪಿತ ಸೊಳ್ಳೆಪರದೆಗಳ ಜೊತೆಗೆ, ಗರ್ಭಿಣಿಯರಿಗೆ ಎರಡನೆಯ ತ್ರೈಮಾಸಿಕದಿಂದ ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಔಷಧವನ್ನು ಕನಿಷ್ಠ ಒಂದು ತಿಂಗಳ ಅಂತರದಲ್ಲಿ, ಮೂರು ಅಥವಾ ಹೆಚ್ಚು ಬಾರಿ ನೀಡುವಂತೆ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಮಂಗಳೂರು ಸೇರಿದಂತೆ ಕರ್ನಾಟಕದ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವುದು ಪ್ಲಾಸ್ಮೋಡಿಯಂ ವೈವಾಕ್ಸ್. ಇದು ಫಾಲ್ಸಿಪಾರಮ್‌ನಷ್ಟು ಮಾಸಿನಲ್ಲಿ ಶೇಖರಗೊಳ್ಳದಿದ್ದರೂ ತಾಯಿಯ ರಕ್ತಹೀನತೆಗೂ ಶಿಶುವಿನ ಕಡಿಮೆ ತೂಕಕ್ಕೂ ಕಾರಣವಾಗುತ್ತದೆ.